ಗಾಳಿ ನೋಡ್ಲಾಕ

ನನಗ ಈಜು ಬರಲ್ಲ.
ಭೀಮಾ ಸೇತುವಿ ದಾಟುವಾಗ ಬಸ್ಸಿನ್ಯಾಗೂ
ಕಿಟಕಿ ಬದಿ ಕೂಡೋನಲ್ಲ ನಾ.
ಆದ್ರೂ ಮೀನುಗಾರರ ಸಂಘದ ದೇವಕೆಮ್ಮ
ಯಾದಗಿರಿ ಸ್ಟೇಷನ್ ರೋಡಿನ ನನ್ನ ಪಂಕ್ಚರ್ ಅಂಗಡಿಗೆ ಬಂದು
ಜಾಕಿನ ಮ್ಯಾಲೇ ಕುಂತು ಅಂದಳು:
"ಹಳೇ ರಬ್ಬರ್ ಬೋಟೊಂದು ಮಾರಾಕದ.
ನೀರಿಂದು ಹಯ್ಯಾಳಪ್ಪ ನೋಡ್ತಾನ,
ಗಾಳಿದು ನೀ ನೋಡು, ಲಾಡ್ಲೇಸಾಬ."

ಶಹಾಪುರದಾಗ, ಮಲಗಿದ ಬುದ್ಧನ ಗುಡ್ಡದ ಎದುರು,
ಸಿದ್ರಾಮರೆಡ್ಡಿಯ ಹತ್ತಿ ಗೋದಾಮಿನ ಅಂಗಳದಾಗ
ಇಟ್ಟಂಗಿ ಮ್ಯಾಲ ಕುಂತಿತ್ತು.
ನಡುವ ಗಟ್ಟಿ ಫೈಬರ್ ಬುಡ, ಸುತ್ತ ಬೂದಿಬಣ್ಣದ ದಪ್ಪ ಕೊಳವಿ,
ಗಬ್ಬದ ಎಮ್ಮಿ ಕೆಸರಿನ್ಯಾಗ ಬಿದ್ದಂಗ.

"ನಾಕೇ ಸಲ ನೀರಿಗೆ ಇಳದದ," ಅಂದ ರೆಡ್ಡಿ.
ಹಯ್ಯಾಳಪ್ಪ ಏನೂ ಅನ್ನಲಿಲ್ಲ.
ಅಂಗಿ ಕಳದು ಅಂಗಾತ ಬಿದ್ದು ಬುಡದ ಕೆಳಗ ಸರದ.
ಬಿದರು ಸೀಳಿ, ಹರಗೋಲು ಹೆಣೆದು
ಗಂಟು ಬಿದ್ದ ಬೆರಳು ಅವನವು.
ಹೊರಗ ಬಂದು ಉಗುರಿನ್ಯಾಗಿನ ಬಿಳೇ ಪುಡಿ ತೋರಿಸ್ದ:
"ನಾಕು ಸಲಕ್ಕ ಇಷ್ಟು ಕಲ್ಲು ತಿಂದದೇನ್ರೀ?"

ಇಂಜಿನ್ ಕೂಡಿಸೋ ಹಿಂದಿನ ಹಲಗಿಗೆ
ಹತ್ತು ರೂಪಾಯಿ ಬಿಲ್ಲೆ ಬಡಕೋತ ಹೋದ.
ಟಕ್, ಟಕ್, ಟಕ್.
ಎಡಕ್ಕ ಬಂದಾಗ, ದಬ್.
ಮತ್ತೊಮ್ಮೆ ಬಡದ. ದಬ್.
"ಒಳಗಿನ ಕಟ್ಟಿಗಿ ನೀರು ಕುಡದದ."
ನೀರು ಬಿಡೋ ತೂತಿಗೆ ಬಿರಡಿ ಇರಲಿಲ್ಲ,
ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡು ಜಡದಿತ್ತು.
ದೇವಕೆಮ್ಮ ನಕ್ಕಳು.
ರೆಡ್ಡಿನೂ ನಕ್ಕ, ಥೋಡೆ ತಡಮಾಡಿ.

ಆಮ್ಯಾಲ ನನ್ನ ಪಾಳಿ.
ಐದು ಖಾನೆ, ಐದು ವಾಲ್ವು.
ಬಡದ್ರ ಎಲ್ಲಾ ಢಣಢಣ, ಹಲಗಿ ಕಾಸಿ ಬಾರಿಸಿದಂಗ.
"ನೋಡು, ಕಲ್ಲಾಗ್ಯಾವ!"
ಮೇ ತಿಂಗಳು, ಮಧ್ಯಾಹ್ನ ಎರಡು ಗಂಟೆ.
ಈ ಬಿಸಲಾಗ ಸತ್ತ ಟ್ಯೂಬು ಸೈತ ಎದಿ ಉಬ್ಬಿಸ್ತದ್ರೀ.
ಎಷ್ಟು ಲಾರಿ ನೋಡೀನಿ,
ಹಗಲು ಖರೇ ಅಂದ ಟೈರು ರಾತ್ರಿ ಮಾತು ತಪ್ಪಿದ್ದು.
"ನಸುಕಿನ್ಯಾಗ ಹೇಳ್ತೀನಿ," ಅಂದೆ.
ರೆಡ್ಡಿ ಮಾರಿ ಅಲ್ಲೇ ಒಂದು ಪೌಂಡು ಗಾಳಿ ಕಮ್ಮಿ ಆಯ್ತು.

ಸಾಬೂನು ನೀರಿನ ಅರಬಿಲಿಂದ ಕೊಳವಿ ಒರಸುವಾಗ
ಮ್ಯಾಲಿನ ಬಣ್ಣ ಸುಲದು ಕೆಳಗೊಂದು ಅಕ್ಷರ ಕಂಡ್ತು: "ರಕ್ಷ—"
ಮುಂದಿಂದು ಯಾರೋ ಉಜ್ಜಿ ಅಳಿಸ್ಯಾರ.
ದೇವಕೆಮ್ಮ ಬಗ್ಗಿ ನೋಡಿದಳು.
"ಗೇಟು ಎತ್ತಿದ ವರ್ಷ ನಮ್ಮ ಗಡ್ಡಿಗೆ ಇಂಥಾದೇ ಬಂದಿತ್ತು.
ಮಂದಿನ ಹತ್ತಿಸಿಕೊಂಡ್ರು.
ಆಡು ಬ್ಯಾಡ ಅಂದ್ರು."
ಅಷ್ಟೇ ಅಂದಳು. ಮೊಣಕಾಲಿಲಿಂದ
ಕೊಳವಿಯ ಎತ್ತರ ಅಳದು, ಅತ್ತಾಗ ಹೋದಳು.

ರಾತ್ರಿ ನಾ ಅದರೊಳಗೇ ಮಲಗಿದೆ.
ಕೆಳಗ ಇಟ್ಟಂಗಿ, ಅದರ ಕೆಳಗ ಒಣ ಎರಿ ಮಣ್ಣು,
ಹೊಳಿ ಅಲ್ಲಿಂದ ಎಷ್ಟೋ ಹರದಾರಿ.
ಆದ್ರೂ ಎಚ್ಚರ ಆದಾಗ ನೋಡ್ತೀನಿ,
ಬದಿಯ ಹಗ್ಗ ಎರಡೂ ಕೈಲಿ ಹಿಡಕೊಂಡೀನಿ.

ನಸುಕಿನ್ಯಾಗ ನಾಕು ಖಾನೆ ಸಣ್ಣಗ ಮೆತ್ತಗಾಗಿದ್ವು,
ತಂಪಿಗೆ ಅಷ್ಟು ಆಗಬೇಕಾದ್ದೇ.
ಎಡ ಹಿಂದಿಂದು ಮಾತ್ರ ಹಲ್ಲಿಲ್ಲದ ಗಲ್ಲ.
ವಾಲ್ವಿಗೆ ಉಗುಳು ಹಚ್ಚಿದೆ.
ಸಾಸಿವಿಯಷ್ಟು ಗುಳ್ಳಿ ಎದ್ದು, ಒಡದು, ಮತ್ತ ಎದ್ದಿತು.
"ವಾಲ್ವು ಬದಲಿಸಿದ್ರ ಆಯ್ತು. ರಬ್ಬರ್ ಜೀವಂತ ಅದ."
"ಹಲಗಿ ನಾ ಮಾಡ್ತೀನಿ," ಅಂದ ಹಯ್ಯಾಳಪ್ಪ,
"ಹಿಪ್ಪಿ ಕಟ್ಟಿಗಿ ಅದ ಮನ್ಯಾಗ."
ಒಂದು ಎಂಬತ್ತು ಅಂದಿದ್ದು
ಚಹಾ ಆರೋದ್ರಾಗ ಒಂದು ಹತ್ತಕ್ಕ ಇಳೀತು.

ದೇವಕೆಮ್ಮ ನೋಟು ಎಣಿಸ್ತಾ ನಡುವ ನಿಂತು ಕೇಳಿದಳು:
"ಆಡಿನ ಗೊರಸು ಚುಚ್ಚಿದ್ರ?"
"ಐದರಾಗ ಒಂದು ಹೋದ್ರ ನಾಕು ಹೊರ್ತಾವ."
"ಹಂಗಾದ್ರ ಗೋಣಿಚೀಲ ಹಾಸ್ತೀನಿ,"
ಅಂದು, ಎಣಿಕಿ ತಪ್ಪಿ,
ಮೊದಲಿಂದ ಸುರು ಮಾಡಿದಳು.